ಹೆಪ್ಪುಗಟ್ಟಿದ ಬಣ್ಣ, ಮಾತು ಕೇಳದ ಬಟನ್

ಮೈಕ್ರೋಸಾಫ್ಟ್ ಸಂಸ್ಥೆಯು 2006ರಲ್ಲಿ ಡಾಟ್‌ನೆಟ್ 3.0 ಜೊತೆಗೆ ಹೊರತಂದ ವಿಂಡೋಸ್ ಪ್ರೆಸೆಂಟೇಷನ್ ಫೌಂಡೇಷನ್, ಅಂದರೆ ಡಬ್ಲ್ಯೂಪಿಎಫ್ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಬಟನ್ನಿನ ನಡವಳಿಕೆಯೇ ಬೇರೆ, ರೂಪವೇ ಬೇರೆ. ರೂಪವನ್ನು ವಿವರಿಸುವ ಭಾಗಕ್ಕೆ ಟೆಂಪ್ಲೇಟ್ ಎಂದು ಹೆಸರು. ಅದನ್ನು ಬದಲಿಸಿ ಬಟನ್ನನ್ನು ದುಂಡಗಾಗಿಸಬಹುದು, ಮೌಸ್ ಮೇಲೆ ಬಂದಾಗ ಅದರ ಬಣ್ಣ ನೀಲಿಯಿಂದ ಹಸಿರಿಗೆ ಮೆಲ್ಲನೆ ಹೊರಳುವಂತೆಯೂ ಮಾಡಬಹುದು.

ಆದರೆ ಹೀಗೆ ಹೊಸ ವೇಷ ತೊಡಿಸಿದ ಬಟನ್ನುಗಳಲ್ಲಿ ಒಂದು ವಿಚಿತ್ರ ದೋಷ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪ್ರೋಗ್ರಾಂ ತಕರಾರಿಲ್ಲದೆ ತೆರೆದುಕೊಂಡು, ಮೌಸ್ ಬಟನ್ನಿನ ಮೇಲೆ ಸರಿದ ಕ್ಷಣದಲ್ಲಿ, ಬದಲಿಸಲಾಗದ ವಸ್ತುವಿಗೆ ಅನಿಮೇಷನ್ ಕೊಡಲಾಗದು ಎಂಬ ಸಂದೇಶದೊಂದಿಗೆ ಕುಸಿಯುತ್ತದೆ. ಆಗ ಗ್ರಾಫಿಕ್ಸ್ ಕಾರ್ಡನ್ನು ದೂರುವವರಿದ್ದಾರೆ. ಎಲ್ಲವನ್ನೂ ಅಳಿಸಿ ಮರಳಿ ಬಿಲ್ಡ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಫಲಕ್ಕಾಗಿ ಕಾಯುವವರೂ ಇದ್ದಾರೆ. ತರ್ಕವನ್ನೇ ವೃತ್ತಿಯಾಗಿಸಿಕೊಂಡವರಿಗೆ ಇಂತಹ ದೃಷ್ಟಿ ತೆಗೆಯುವ ವಿಧಿಗಳು ಶೋಭಿಸುವುದಿಲ್ಲ, ಏಕೆಂದರೆ ಸಂದೇಶವು ಕಾರಣವನ್ನು ಅಕ್ಷರಶಃ ಹೇಳಿಬಿಟ್ಟಿರುತ್ತದೆ.

ಡಬ್ಲ್ಯೂಪಿಎಫ್‌ನಲ್ಲಿ ಬಟನ್ ತನ್ನ ಬಣ್ಣವನ್ನು ತಾನೇ ಹೊತ್ತಿರುವುದಿಲ್ಲ. ಬಣ್ಣವನ್ನು ಹೊತ್ತ ಬ್ರಷ್ ಎಂಬ ಬೇರೊಂದು ವಸ್ತುವಿನತ್ತ ಅದು ಬೊಟ್ಟು ಮಾಡುತ್ತದೆ, ಮತ್ತು ಬಣ್ಣದ ಅನಿಮೇಷನ್ ಬಟನ್ನನ್ನು ಮುಟ್ಟದೆ ಆ ಬ್ರಷ್ಷಿನ ಒಳಹೊಕ್ಕು ಅಲ್ಲಿನ ಬಣ್ಣವನ್ನು ತಿದ್ದುತ್ತದೆ. ಇಂತಹ ಬ್ರಷ್ಷುಗಳನ್ನು ‘ಫ್ರೀಜ್’ ಮಾಡುವ, ಎಂದರೆ ಹೆಪ್ಪುಗಟ್ಟಿಸುವ ಏರ್ಪಾಡು ನಿಜಕ್ಕೂ ಸೊಗಸಾದದ್ದು: ಒಮ್ಮೆ ಹೆಪ್ಪುಗಟ್ಟಿದ ಬ್ರಷ್ಷನ್ನು ಮತ್ತೆ ಯಾರೂ ಬದಲಿಸಲಾಗದ ಕಾರಣ, ಅದು ಬದಲಾಯಿತೇ ಎಂದು ವ್ಯವಸ್ಥೆ ಕಾವಲು ಕಾಯಬೇಕಿಲ್ಲ, ಏಕಕಾಲದಲ್ಲಿ ನಡೆಯುವ ಹಲವು ಥ್ರೆಡ್‌ಗಳು ಅದನ್ನು ನಿರ್ಭಯವಾಗಿ ಹಂಚಿಕೊಳ್ಳಬಹುದು, ನೂರಾರು ಬಟನ್ನುಗಳಿಗೆ ಒಂದೇ ಬ್ರಷ್ ಸಾಕಾಗುತ್ತದೆ. ಕೆಂಪು, ನೀಲಿ ಎಂದು ಹೆಸರಿನಿಂದಲೇ ಸಿಗುವ ಸಿದ್ಧ ಬ್ರಷ್ಷುಗಳೆಲ್ಲವೂ ಹೆಪ್ಪುಗಟ್ಟಿದವೇ. ಹಂಚಿಕೊಂಡ ಬ್ರಷ್ಷನ್ನು ಒಂದು ಬಟನ್ನಿನ ಅನಿಮೇಷನ್ ಬದಲಿಸಿದ್ದೇ ಆದರೆ, ಅದನ್ನು ಬಳಸುವ ಉಳಿದ ಬಟನ್ನುಗಳೂ ಕಾರಣವಿಲ್ಲದೆ ಬಣ್ಣ ಬದಲಿಸುತ್ತಿದ್ದವು. ಹಾಗಾಗಿ ಪ್ರೋಗ್ರಾಂ ಕುಸಿದದ್ದು ಒಂದು ಬಗೆಯ ರಕ್ಷಣೆಯೆಂದೇ ಹೇಳಬೇಕು. ಗೊಂದಲ ಹೆಚ್ಚಿಸುವ ಸಂಗತಿಯೆಂದರೆ, ಕೆಲವು ಸಂದರ್ಭಗಳಲ್ಲಿ ವ್ಯವಸ್ಥೆಯೇ ಹೆಪ್ಪುಗಟ್ಟಿದ ಬ್ರಷ್ಷಿನ ಒಂದು ನಕಲನ್ನು ಸದ್ದಿಲ್ಲದೆ ಮಾಡಿಕೊಂಡು ಅದರ ಬಣ್ಣವನ್ನು ಹೊರಳಿಸುತ್ತದೆ, ಆದರೆ ಬ್ರಷ್ ಬೈಂಡಿಂಗ್ ಎಂಬ ಜೋಡಣೆಯ ಮೂಲಕ ಬೇರೆಡೆಯಿಂದ ಬಂದಿದ್ದರೆ ಕೈಚೆಲ್ಲುತ್ತದೆ. ಕೋಡ್‌ನ ಒಂದೇ ಸಾಲು ಒಂದೆಡೆ ನಡೆದು ಇನ್ನೊಂದೆಡೆ ಮುಗ್ಗರಿಸುವುದರಿಂದಲೇ ಮೇಲೆ ಹೇಳಿದ ಮೂಢನಂಬಿಕೆಗಳಿಗೆ ನೀರೆರೆದಂತಾಗಿದೆ.

ಪರಿಹಾರ ಸರಳ. ಟೆಂಪ್ಲೇಟಿನೊಳಗೇ ಆ ಬಟನ್ನಿಗೆ ಮೀಸಲಾದ ಬ್ರಷ್ಷನ್ನು ಬರೆದು ಅದಕ್ಕೆ ಅನಿಮೇಷನ್ ಕೊಡಬಹುದು. ಅದಕ್ಕಿಂತ ಜಾಣತನದ ದಾರಿಯೆಂದರೆ, ಮೂಲ ಬಣ್ಣಕ್ಕೆ ಕೈಹಚ್ಚದೆ ಅದರ ಮೇಲೆ ಇನ್ನೊಂದು ಬಣ್ಣದ ಪದರವನ್ನಿಟ್ಟು, ಅದರ ಅಪಾರದರ್ಶಕತೆಯನ್ನು 0ಯಿಂದ 1ಕ್ಕೆ ಏರಿಸುವುದು. ಈ ಸಂಖ್ಯೆ ಆ ಪದರದ ಸ್ವಂತ ಆಸ್ತಿಯಾದ್ದರಿಂದ ಹೆಪ್ಪುಗಟ್ಟಿದ ಬ್ರಷ್ಷಿನ ಗೊಡವೆಯೇ ಇರುವುದಿಲ್ಲ, ಬಟನ್ ಬಳಸುವವರು ಯಾವ ಬ್ರಷ್ ಕೊಟ್ಟರೂ ನಡೆಯುತ್ತದೆ.

ಅಗಲವನ್ನು ಹಿಗ್ಗಿಸುವ ಅನಿಮೇಷನ್ನಿನ ತೊಡಕು ಬೇರೆಯದು. ಅಗಲವನ್ನು ‘ಆಟೋ’ ಎಂದು ಬಿಟ್ಟಾಗ ಅದರ ಒಳಗಿನ ಬೆಲೆ ‘ಸಂಖ್ಯೆಯೇ ಅಲ್ಲ’ ಎಂಬ ವಿಶೇಷ ಗುರುತು; ಸಂಖ್ಯೆಯಲ್ಲದ ಕಡೆಯಿಂದ 200ಕ್ಕೆ ಹೆಜ್ಜೆ ಎಣಿಸಲಾಗದೆ ಅನಿಮೇಷನ್ ಸೋಲುತ್ತದೆ, ಆರಂಭದ ಬೆಲೆಯನ್ನು ಬಾಯಿಬಿಟ್ಟು ಹೇಳಿದರೆ ಓಡುತ್ತದೆ. ಇನ್ನು ಅನಿಮೇಷನ್ ಮುಗಿದ ಮೇಲೆ ಎಷ್ಟು ಬಾರಿ ಹೊಸ ಅಗಲ ಬರೆದರೂ ಬಟನ್ ಕದಲದಿದ್ದರೆ, ಮುಗಿದ ಅನಿಮೇಷನ್ ಪೂರ್ವನಿಯೋಜಿತವಾಗಿ ತನ್ನ ಕೊನೆಯ ಬೆಲೆಯನ್ನು ಹಿಡಿದೇ ಇರುತ್ತದೆ ಮತ್ತು ಆ ಹಿಡಿತ ಪ್ರೋಗ್ರಾಮರ್ ಬರೆದ ಬೆಲೆಗಿಂತ ಮೇಲಿನದು ಎಂದು ತಿಳಿಯಬೇಕು. ಮುಗಿದೊಡನೆ ಬಿಟ್ಟುಕೊಡುವಂತೆ ಅದಕ್ಕೆ ಮೊದಲೇ ಸೂಚಿಸಿದರೆ, ಬರೆದ ಅಗಲ ಜಾರಿಗೆ ಬರುತ್ತದೆ.