ಅಲಂಕಾರವೇ ತಿಂದ ಕಾರುಗಳು

ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ 1957ರ ಜೂನ್ 15ರಂದು ಹೊಚ್ಚ ಹೊಸ ಪ್ಲಿಮತ್ ಬೆಲ್ವಡೇರ್ ಕಾರೊಂದನ್ನು ನ್ಯಾಯಾಲಯದ ಮುಂದೆ ಹೂತರು. ರಾಜ್ಯಕ್ಕೆ ಐವತ್ತು ತುಂಬಿದ ಸಡಗರವದು. ಗುಂಡಿಯ ಕಾಂಕ್ರೀಟು ಅಣುಬಾಂಬಿಗೂ ಜಗ್ಗದು ಎಂದು ಹೇಳಿಕೊಂಡಿದ್ದರು. ಮುಂದಿನವರಿಗೆ ಪೆಟ್ರೋಲ್ ಸಿಗುತ್ತದೋ ಇಲ್ಲವೋ ಎಂದು ಅದನ್ನೂ ಒಂದಷ್ಟು ಜೊತೆಗಿಟ್ಟರು. 2007ರ ಜೂನ್‌ನಲ್ಲಿ ಮುಚ್ಚಳ ಎತ್ತಿದಾಗ ಒಳಗೆ ನೀರು ತುಂಬಿತ್ತು. ಕಾರು ತುಕ್ಕು ಹಿಡಿದು ಜೀರ್ಣವಾಗಿತ್ತು. ಅದೇ ಕಾಲದ ಎಷ್ಟೋ ಕಾರುಗಳು ಅರಿಜೋನಾದ ಮರುಭೂಮಿಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದರೂ ತಗಡು ಗಟ್ಟಿಯಾಗಿಯೇ ಉಳಿದಿವೆ.

ಹಳೆಯ ಅಮೆರಿಕನ್ ದೊಡ್ಡ ಕಾರುಗಳನ್ನು ಹುಡುಕಿ ಹೊರಡುವವರು, ತಗಡನ್ನು ತಿನ್ನುವುದು ವಯಸ್ಸಲ್ಲ, ತೇವ ಎಂಬುದನ್ನು ಬೇಗ ಕಲಿಯುತ್ತಾರೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳ ಗಾಡಿ ಎಂದರೆ ಅನುಮಾನ. ಒಣ ನೈಋತ್ಯದ ಗಾಡಿ ಎಂದರೆ ಆಸೆ. ಬಿಸಿಲಿಗೆ ಸೀಟು ಹರಿದಿರುತ್ತದೆ, ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ರಬ್ಬರ್ ಪುಡಿಯಾಗಿರುತ್ತದೆ. ಇರಲಿ, ಮೈ ಉಳಿದಿದೆಯಲ್ಲ.

ಈ ಕಾರುಗಳನ್ನು ಜನ ಕೊಂಡದ್ದೂ ಆ ಮೈಗಾಗಿಯೇ. 1920ರ ದಶಕದಲ್ಲಿ ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಕಂಡುಕೊಂಡ ವ್ಯಾಪಾರದ ಗುಟ್ಟು ಸರಳವಾಗಿತ್ತು: ಓಡುವ ಕಾರು ಇರುವವನಿಗೂ ಹೊಸದು ಬೇಕೆನಿಸಬೇಕು. ಅದಕ್ಕೆ ವರ್ಷ ವರ್ಷ ರೂಪ ಬದಲಾಗಬೇಕು. 1927ರಲ್ಲಿ ಹಾರ್ಲೀ ಅರ್ಲ್ ಎಂಬ ವಿನ್ಯಾಸಕಾರನನ್ನು ಕರೆಸಿ ಅದಕ್ಕೆಂದೇ ಒಂದು ವಿಭಾಗ ತೆರೆದರು. ಯುದ್ಧವಿಮಾನದ ಬಾಲ ನೋಡಿ ಹುಟ್ಟಿದ ರೆಕ್ಕೆ 1948ರ ಕ್ಯಾಡಿಲಾಕ್ ಮೇಲೆ ಸಣ್ಣದಾಗಿ ಚಿಗುರಿತು. 1959ರ ಹೊತ್ತಿಗೆ ಆಕಾಶಕ್ಕೆ ನಿಂತಿತ್ತು. ಆ ಕ್ಯಾಡಿಲಾಕ್‌ನ ಉದ್ದ ಸುಮಾರು 5.7 ಮೀಟರ್. ನಮ್ಮ ಅಂಬಾಸಿಡರ್ 4.3 ಮೀಟರ್.

ಅಂಬಾಸಿಡರ್ ನೆನಪಿಗೆ ಬಂದದ್ದು ಉದ್ದಕ್ಕಾಗಿ ಮಾತ್ರವಲ್ಲ. ಅದು ದಶಕಗಟ್ಟಲೆ ಹೆಚ್ಚುಕಡಿಮೆ ಒಂದೇ ಮೈಕಟ್ಟಿನಲ್ಲಿ ಬಂದದ್ದರಿಂದ ಬಾಗಿಲೋ ಬಾನೆಟ್ಟೋ ಬೇಕಾದರೆ ಗುಜರಿಯಲ್ಲಿ ಸಿಕ್ಕೀತು. ಆದರೆ 1958ರ ಷೆವರ್ಲೆಯ ಹಿಂಬದಿ ದೀಪ 1959ರದಕ್ಕೆ ಕೂರುವುದಿಲ್ಲ, 1959ರದು 1960ಕ್ಕೆ ಆಗದು. ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ಹೇಳಲೆಂದೇ ಅಮೆರಿಕದ ಗುಜರಿಯವರು 1934ರಿಂದ ಹಾಲಂಡರ್ ಎಂಬ ಕೈಪಿಡಿ ಇಟ್ಟುಕೊಂಡಿದ್ದಾರೆ.

1965ರಲ್ಲಿ ಷೆವರ್ಲೆಯ ಇಂಪಾಲಾ ಒಂದೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1973ರ ತೈಲ ನಿರ್ಬಂಧದ ನಂತರ ಪೆಟ್ರೋಲ್ ಕುಡಿಯುವ ಈ ಗಾಡಿಗಳು ಮನೆಯ ಹಿಂದಿನ ಹುಲ್ಲಿಗೆ ಸರಿದವು. 1977ರಲ್ಲಿ ಕಂಪನಿಯೇ ಇಂಪಾಲಾವನ್ನು ಒಂದು ಗೇಣಿಗಿಂತ ಹೆಚ್ಚು ಗಿಡ್ಡ ಮಾಡಿತು. ಬೇಡವಾದ ಹಳೆಯವು ಕಾರಿಗೆ ಕಾರು ಗುದ್ದಿಸುವ ಪಂದ್ಯಗಳಿಗೆ ಹೋದವು. ಕೊನೆಗೆ ಓಡುತ್ತಿರುವವನೇ ಗೆದ್ದಂತೆ. ಅರವತ್ತರ ದಶಕದ ನಡುವಿನ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಎಷ್ಟು ಗಟ್ಟಿಯೆಂದರೆ ಅದನ್ನು ಹಲವೆಡೆ ಪಂದ್ಯಕ್ಕೇ ಸೇರಿಸುತ್ತಿರಲಿಲ್ಲ!

ಉಳಿದವನ್ನು ಹುಡುಕುವ ದಾರಿ ಅಷ್ಟರಲ್ಲೇ ತಯಾರಾಗಿತ್ತು. 1954ರಲ್ಲಿ ಶುರುವಾದ ಹೆಮ್ಮಿಂಗ್ಸ್ ಪತ್ರಿಕೆಯ ತುಂಬ ಮಾರಾಟದ ಜಾಹೀರಾತು. ಪೆನ್ಸಿಲ್ವೇನಿಯದ ಹರ್ಷಿಯಲ್ಲಿ 1955ರಿಂದ ಶರತ್ಕಾಲದಲ್ಲಿ ಹಳೆಯ ಕಾರುಗಳ ಮೇಳ. ನೆಬ್ರಾಸ್ಕಾದ ಪಿಯರ್ಸ್ ಎಂಬ ಸಣ್ಣ ಊರಿನ ಲ್ಯಾಂಬ್ರೆಕ್ಟ್ ಷೆವರ್ಲೆ ಅಂಗಡಿ ಮಾರದೆ ಇಟ್ಟುಕೊಂಡಿದ್ದ ಕಾರುಗಳು 2013ರ ಸೆಪ್ಟೆಂಬರಿನಲ್ಲಿ ಹರಾಜಾದಾಗ ಜನಸಾಗರವೇ ನೆರೆಯಿತು. ಹನ್ನೊಂದು ಮೈಲಿಯಷ್ಟೇ ಓಡಿದ್ದ 1963ರ ಇಂಪಾಲಾ ಲಕ್ಷ ಡಾಲರಿನ ಸಮೀಪ ಹೋಯಿತು. ನನಗನ್ನಿಸುವಂತೆ ಆ ಹರಾಜು ಮಾಡಿದ ಒಂದು ಕೆಡುಕೆಂದರೆ, ಅಂಗಳದಲ್ಲಿ ಕೊಳೆಯುತ್ತಿದ್ದ ಪ್ರತಿ ತಗಡಿನ ಮಾಲೀಕನಿಗೂ ತನ್ನದು ಚಿನ್ನವೆಂಬ ಭ್ರಮೆ ಹತ್ತಿಸಿದ್ದು.

ಚಿನ್ನವೋ ಗುಜರಿಯೋ ನೋಡುವುದು ಹೇಗೆ? ಹೊಸಬರು ಮೊದಲು ಬಾನೆಟ್ ಎತ್ತುತ್ತಾರೆ. ಪಳಗಿದವರು ನೆಲಕ್ಕೆ ಮಲಗುತ್ತಾರೆ. ಎಂಜಿನ್ ಸೀಜ್ ಆಗಿದ್ದರೂ ಅಂಥ ಭಯವಿಲ್ಲ. ಸಿಲಿಂಡರಿಗೆ ಎಣ್ಣೆ ಬಿಟ್ಟು ಕೆಲವು ದಿನ ಕಾದು, ಕ್ರ್ಯಾಂಕ್‌ಶಾಫ್ಟಿನ ಬೋಲ್ಟಿಗೆ ಪಾನ ಹಾಕಿ ಮೆಲ್ಲಗೆ ತಿರುಗಿಸಿ ನೋಡಬಹುದು. ಆಯಿಲ್ ಹಾಲುಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ಲೆಕ್ಕ. ಎಂಜಿನ್ ಹೇಗೂ ತಿರುಗಲಿಲ್ಲವೆಂದರೆ ಬೇರೆಯದು ಸಿಗುತ್ತದೆ. 1955ರಲ್ಲಿ ಬಂದ ಷೆವರ್ಲೆಯ ಸಣ್ಣ ವಿ-8 ಅರ್ಧ ಶತಮಾನದಷ್ಟು ಕಾಲ ಬಗೆಬಗೆಯ ಗಾತ್ರದಲ್ಲಿ ತಯಾರಾಗಿದೆ. ವರ್ಷ ವರ್ಷ ವೇಷ ಬದಲಿಸಿದವರು ಒಳಗಿನದನ್ನು ಅಷ್ಟಾಗಿ ಬದಲಿಸಲಿಲ್ಲ.

ಆದ್ದರಿಂದ ಚಾಸಿಯನ್ನು ನೋಡಬೇಕು. ಹಿಂದಿನ ಚಕ್ರದ ಆಚೆ ಕೆಸರು ಕೂತಿರುವಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಬೇಕು. ಒಳಗೆ ಇಳಿದರೆ ಎದ್ದು ಮನೆಗೆ ಹೊರಡಬಹುದು. ಡಿಕ್ಕಿಯ ನೆಲ, ಕಾಲಿಡುವ ಕಡೆಯ ಕಾರ್ಪೆಟ್ಟಿನ ಅಡಿ ಇವೂ ಬಿಡುವಂಥವಲ್ಲ. ಬಾಗಿಲ ಕೆಳಗೆ, ಚಕ್ರದ ಕಮಾನಿನ ಸುತ್ತ ಅಯಸ್ಕಾಂತ ಅಂಟದಿದ್ದರೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದಾರೆ. ವಿನೈಲ್ ಹೊದಿಸಿದ ಚಾವಣಿಯಿದ್ದರೆ ಹಿಂದಿನ ಗಾಜಿನ ಕೆಳ ಅಂಚನ್ನು ಬೆರಳಲ್ಲಿ ತಡವಿ ನೋಡಲೇಬೇಕು. ಅರವತ್ತು–ಎಪ್ಪತ್ತರ ದಶಕದ ದೊಡ್ಡ ಷೋಕಿ ಅದು. ನೀರು ಕೆಳಗೆ ನುಸುಳಿ, ಆರಲು ದಾರಿಯಿಲ್ಲದೆ, ಕಣ್ಣಿಗೆ ಬೀಳದಂತೆ ತಗಡನ್ನು ತಿನ್ನುತ್ತದೆ. ಕ್ರೋಮ್ ಪಟ್ಟಿ ಸಿಕ್ಕಿಸಲು ಕೊರೆದ ತೂತುಗಳದ್ದೂ ಅದೇ ಕಥೆ.

ಇನ್ನು ಆ ಪಟ್ಟಿ, ದೀಪದ ಚೌಕಟ್ಟು, ಅಕ್ಷರಗಳು ಎಲ್ಲ ಇವೆಯೇ ಎಂದು ಒಂದೊಂದಾಗಿ ಎಣಿಸಬೇಕು. ಎರಡು ಬಾಗಿಲಿನ ಇಂಪಾಲಾಗೆ ಹೊಸದಾಗಿ ಮಾಡಿದ ಬಿಡಿಭಾಗ ಬೇಕಾದಷ್ಟಿವೆ. ಓಲ್ಡ್ಸ್‌ಮೊಬೈಲ್ 98ಕ್ಕೋ ಕ್ರೈಸ್ಲರ್ ನ್ಯೂಪೋರ್ಟಿಗೋ ಅಂಥ ಅದೃಷ್ಟವಿಲ್ಲ, ಅದರಲ್ಲೂ ನಾಲ್ಕು ಬಾಗಿಲಿನದಾದರೆ ಮುಗಿದೇ ಹೋಯಿತು. ಬಂಪರಿಗೆ ಮತ್ತೆ ಕ್ರೋಮ್ ಹಾಕಿಸುವ ಖರ್ಚೇ ಕೆಲವೊಮ್ಮೆ ಗಾಡಿಯ ಬೆಲೆ ದಾಟುತ್ತದೆ. ಸಂಸಾರದವರು ಕೊಂಡ ನಾಲ್ಕು ಬಾಗಿಲಿನ ಸೆಡಾನ್ ಇಂದಿಗೂ ಅಗ್ಗ. ಹಾಗಾಗಿ ಅದನ್ನು ಕೊಂಡು, ಬೇಕಾದದ್ದನ್ನು ಬಿಚ್ಚಿ, ಎರಡು ಬಾಗಿಲಿನದಕ್ಕೆ ಜೋಡಿಸಿ, ಉಳಿದದ್ದನ್ನು ಗುಜರಿಗೆ ಹಾಕುವವರೇ ಹೆಚ್ಚು. ನನ್ನನ್ನು ಕೇಳಿದರೆ, ಮುಂದೆ ಸಿಗದೆ ಹೋಗುವುದು ಆ ಸೆಡಾನೇ. ಎಲ್ಲ ಪಟ್ಟಿಗಳೂ ಸ್ವಸ್ಥಾನದಲ್ಲಿದ್ದು, ಚಾಸಿ ಗಟ್ಟಿಯಿದ್ದು, ಮಾಲೀಕತ್ವದ ಕಾಗದ ಸರಿಯಿದ್ದರೆ, ಎಂಜಿನ್ ತಿರುಗದಿದ್ದರೂ ಅದನ್ನೇ ಕೊಳ್ಳುವುದು ಲೇಸು.