ಪಟ್ಟೆಯ ಲೆಕ್ಕ

ಒಂದು ಹುಲಿಯ ಮೈಮೇಲಿನ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಅಷ್ಟೇ ಏಕೆ, ಅದರ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಹಾಗಿರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗೆರೆಗಳಂತೆಯೇ ಇದು. ಆದರೂ ಹುಲಿಯನ್ನು ಎಣಿಸಬೇಕಾದಾಗ ನಾವು ಬಹಳ ಕಾಲ ಅದರ ಮೈ ಬಿಟ್ಟು ಕಾಲನ್ನೇ ನೋಡಿದೆವು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಏಪ್ರಿಲ್ 1ಕ್ಕೆ ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಕಾಡುಗಳಲ್ಲಿ ಮೈಸೂರು ಅರಸರು ಬೇಟೆಯಾಡುತ್ತಿದ್ದ ಬಂಡೀಪುರವೂ ಇತ್ತು. ಉಳಿದಿರುವ ಹುಲಿಗಳೆಷ್ಟು ಎಂಬುದಕ್ಕೆ ಆಗ ಹೆಜ್ಜೆ ಗುರುತೇ ಆಧಾರ. ಗಾರ್ಡುಗಳು, ವಾಚರುಗಳು ಕಾಡುದಾರಿಯಲ್ಲಿ ನಡೆದು, ಕಂಡ ಹೆಜ್ಜೆಯ ಮೇಲೆ ಗಾಜಿಟ್ಟು ಗೆರೆ ಎಳೆದುಕೊಳ್ಳುತ್ತಿದ್ದರು. ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದರು. ಶ್ರಮಕ್ಕೆ ಕೊರತೆಯಿರಲಿಲ್ಲ. ಆದರೆ ಅದೇ ಹುಲಿ ಧೂಳಿನಲ್ಲಿ ಮೂಡಿಸುವ ಹೆಜ್ಜೆಯೇ ಬೇರೆ, ಕೆಸರಿನಲ್ಲಿ ಮೂಡಿಸುವುದೇ ಬೇರೆ. ಒಂದನ್ನೂ ಬಿಡದೆ ಎಣಿಸಿಬಿಟ್ಟೆವೆಂಬ ಭರವಸೆ ಬೇರೆ. ಲೆಕ್ಕ ವರ್ಷ ವರ್ಷ ಏರುತ್ತಿದ್ದರೆ ಯಾರಿಗೆ ತಾನೇ ಬೇಸರ?

ರಾಜಸ್ಥಾನದ ಸರಿಸ್ಕಾದಲ್ಲಿ ಈ ಭರವಸೆ ಕುಸಿಯಿತು. 2004ರ ಗಣತಿಯಲ್ಲಿ ಅಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇಲ್ಲ. ಕಳ್ಳಬೇಟೆ ಅವನ್ನು ಮುಗಿಸಿತ್ತು.

ಬೇರೊಂದು ದಾರಿ ನಮ್ಮ ನಾಗರಹೊಳೆಯಲ್ಲಿ 1990ರ ದಶಕದಲ್ಲೇ ತೆರೆದಿತ್ತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು (ಶಿವರಾಮ ಕಾರಂತರ ಮಗ, ಮೊದಲು ಓದಿದ್ದು ಎಂಜಿನಿಯರಿಂಗ್) ಹುಲಿ ಓಡಾಡುವ ಜಾಡಿನ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರು. ಹುಲಿ ಹಾದರೆ ಎರಡೂ ಮಗ್ಗುಲಿನ ಚಿತ್ರ ಒಟ್ಟಿಗೆ ಸಿಗುತ್ತದೆ. ಆಮೇಲಿನ ಲೆಕ್ಕವನ್ನು ಕೆರೆಯ ಮೀನಿನಿಂದ ಹೇಳುವುದು ಸುಲಭ. 100 ಮೀನು ಹಿಡಿದು, ಗುರುತು ಮಾಡಿ, ಮತ್ತೆ ನೀರಿಗೆ ಬಿಡಿ. ಮುಂದಿನ ವಾರ ಬಲೆಗೆ 50 ಬಿದ್ದವು, ಅದರಲ್ಲಿ 10ಕ್ಕೆ ಗುರುತಿದೆ ಎನ್ನೋಣ. ಐದರಲ್ಲೊಂದು ಗುರುತಿನ ಮೀನು ಎಂದಾದರೆ ಕೆರೆಯಲ್ಲಿರುವುದು ಹೆಚ್ಚುಕಡಿಮೆ 500. ಹುಲಿಗೆ ನಾವು ಗುರುತು ಮಾಡಬೇಕಿಲ್ಲ, ಹುಟ್ಟುವಾಗಲೇ ತಂದಿರುತ್ತದೆ. ನಿಜವಾದ ಗಣಿತ ಇಷ್ಟು ಸಲೀಸಲ್ಲ. ಕ್ಯಾಮೆರಾದತ್ತ ಸುಳಿಯದ ಹುಲಿಗಳಿಗೂ ಅದರಲ್ಲಿ ಜಾಗ ಕೊಡಬೇಕು. ಈ ಲೆಕ್ಕದ ಹೆಚ್ಚುಗಾರಿಕೆ ಇರುವುದೇ ಅಲ್ಲಿ: ಕಾಣದ ಹುಲಿ ಇದೆಯೆಂದು ಅದು ಒಪ್ಪಿಕೊಳ್ಳುತ್ತದೆ.

ದೇಶದ ಗಣತಿ 2006ರಲ್ಲಿ ಈ ಹಾದಿಗೆ ಬಂದಾಗ, ಹೆಜ್ಜೆ ಎಣಿಸಿ ಹೇಳಿದ್ದ ಮೂರೂವರೆ ಸಾವಿರದ ಬದಲು ಸಿಕ್ಕಿದ ಅಂದಾಜು 1,411. 2022ರ ಅಂದಾಜು 3,682. ಕರ್ನಾಟಕದ ಪಾಲು 563.

ಪಟ್ಟೆಯಲ್ಲಿ ಇನ್ನೂ ಒಂದು ಸುದ್ದಿಯಿತ್ತು. ಒಡಿಶಾದ ಸಿಮಿಲಿಪಾಲ್‌ನಲ್ಲಿ ಕೆಲವು ಹುಲಿಗಳ ಪಟ್ಟೆ ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ಮೈ ಕಪ್ಪಾಗಿಯೇ ಕಾಣುತ್ತದೆ. ನೋಡಲು ಬಲು ಚೆಂದ. ಪ್ರವಾಸೋದ್ಯಮದವರಿಗೂ ಖುಷಿ. ಆದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಮೂಲವನ್ನು ಒಂದು ಜೀನ್‌ನ ಬದಲಾವಣೆಯಲ್ಲಿ ಪತ್ತೆಮಾಡಿತು. ತಾಯಿಯಿಂದಲೂ ತಂದೆಯಿಂದಲೂ ಅದೇ ಬದಲಾದ ಪ್ರತಿ ಬಂದರೆ ಮಾತ್ರ ಮರಿ ಕಪ್ಪು. ಬೇರೆ ಕಾಡುಗಳಲ್ಲಿ ಕಾಣದ ಈ ಬಣ್ಣ ಇಲ್ಲಿ ಮೂರರಲ್ಲೊಂದು ಹುಲಿಗಿದೆ. ಅಂದರೆ ಹೊರಗಿನ ಹುಲಿ ಬರುತ್ತಿಲ್ಲ. ಇರುವ ನಾಲ್ಕಾರು ಮನೆತನಗಳೇ ತಮ್ಮೊಳಗೆ ಸಂಬಂಧ ಬೆಳೆಸುತ್ತಿವೆ. ಸುತ್ತಲಿನ ಊರು, ಗಣಿ, ಹೆದ್ದಾರಿಗಳ ನಡುವೆ ಆ ಕಾಡೊಂದು ದ್ವೀಪ.

ಬಂಡೀಪುರದ ಹುಲಿ ಈ ಮಟ್ಟಿಗೆ ಪುಣ್ಯವಂತ. ನಾಗರಹೊಳೆ, ವಯನಾಡು, ಮುದುಮಲೈ ಕಾಡುಗಳಿಗೆ ಅದು ನಡೆದೇ ಹೋಗಬಹುದು. ಪ್ರಾಣಿಗಳ ಓಡಾಟಕ್ಕೆಂದು ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ವಾಹನ ಸಂಚಾರ ನಿಲ್ಲಿಸಿದ್ದಕ್ಕೆ ಈಗಲೂ ಗೊಣಗುವವರಿದ್ದಾರೆ.

ಸಿಮಿಲಿಪಾಲ್‌ಗೆ ಹೊಸ ರಕ್ತ ತರಲು 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣುಹುಲಿಗಳನ್ನು ಒಯ್ದರು. ಅವುಗಳಲ್ಲಿ ಜೀನತ್ ಎಂಬುದು ಹೊಸ ಮನೆ ಬಿಟ್ಟು ಹೊರಟೇಬಿಟ್ಟಿತು. ಝಾರ್ಖಂಡ್ ದಾಟಿ ಪಶ್ಚಿಮ ಬಂಗಾಳ ಸೇರಿತು. ಡಿಸೆಂಬರ್ ಕೊನೆಗೆ ಬಾಂಕುಡಾ ಜಿಲ್ಲೆಯಲ್ಲಿ ಅರವಳಿಕೆ ಕೊಟ್ಟು, ಬೋನಿಗೆ ಹಾಕಿ, ಮತ್ತೆ ಸಿಮಿಲಿಪಾಲ್‌ಗೇ ತಂದು ಬಿಟ್ಟರು.