ಹೃದಯಾಘಾತದ ನಂತರದ ಎರಡನೆಯ ಹೆಪ್ಪು

ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದಾಗ ಹೃದಯಾಘಾತವಾಗುತ್ತದೆ. ಅದಾದ ಕೆಲವು ದಿನಗಳಲ್ಲಿ ಇನ್ನೊಂದು ಹೆಪ್ಪು, ಯಾವ ನೋವೂ ಕೊಡದೆ, ಎಡ ಹೃತ್ಕುಕ್ಷಿಯೊಳಗೇ ಕಟ್ಟಬಹುದು.

ಮೊದಲನೆಯದರ ಚಿಕಿತ್ಸೆ ಈಗ ಊರಿನ ಹತ್ತಿರ ಬಂದಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಮುಂದಿನ ಚಿಕಿತ್ಸೆಗೆ ಯಾದಗಿರಿ, ಶಹಾಪುರ, ಸುರಪುರದವರಿಗೆ ಕಲಬುರಗಿಯ ಜಯದೇವ ಆಸ್ಪತ್ರೆ ಇದೆ. ಎರಡನೆಯ ಹೆಪ್ಪು ಕಟ್ಟುವುದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾನೆ.

ಹೃದಯದ ಮುಂಭಾಗಕ್ಕೆ ದೊಡ್ಡ ಆಘಾತವಾದವರಲ್ಲಿ ಇದರ ಭಯ ಹೆಚ್ಚು. ಅಲ್ಲಿ ಹೃದಯದ ತುದಿಯ ಸ್ನಾಯು ಸತ್ತು ಸರಿಯಾಗಿ ಕುಗ್ಗುವುದಿಲ್ಲ. ಕದಲದೆ ಇಟ್ಟ ಹಾಲು ಹೆಪ್ಪುಗೊಳ್ಳುವ ಹಾಗೆ, ಆ ಮೂಲೆಯಲ್ಲಿ ನಿಂತ ರಕ್ತ ಗಟ್ಟಿಯಾಗುತ್ತದೆ. ಗಾಯಗೊಂಡ ಒಳಪದರ ಅದಕ್ಕೆ ಇಂಬು ಕೊಡುತ್ತದೆ. ಚೂರೊಂದು ಕಳಚಿ ಮಿದುಳಿನ ನಾಳಕ್ಕೆ ಹೋದರೆ ಲಕ್ವಾ ಹೊಡೆಯುತ್ತದೆ. ಕಾಲಿನ ನಾಳಕ್ಕೆ ಹೋದರೆ ಕಾಲು ತಣ್ಣಗಾಗಿ ನೋಯುತ್ತದೆ. ಗೋಡೆಗೆ ಅಂಟಿದ ಹೆಪ್ಪಿಗಿಂತ ಒಳಗೆ ಚಾಚಿ ಅಲುಗಾಡುವ ಹೆಪ್ಪು ಹೆಚ್ಚು ಅಪಾಯದ್ದು.

ಇಸಿಜಿಯಲ್ಲಿ ಈ ಹೆಪ್ಪು ಕಾಣದು. ಎದೆಯ ಮೇಲಿನಿಂದ ಮಾಡುವ ಎಕೋ ಮೊದಲ ಪರೀಕ್ಷೆ. ಆದರೆ ತುದಿಯಲ್ಲಿರುವ ಸಣ್ಣ ಹೆಪ್ಪು ಸಾದಾ ಎಕೋದ ಕಣ್ಣು ತಪ್ಪಿಸುತ್ತದೆ. ಅನುಮಾನ ಉಳಿದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮತ್ತೆ ಎಕೋ ಮಾಡುತ್ತಾರೆ. ಎಲ್ಲಕ್ಕಿಂತ ನಿಖರವಾದದ್ದು ಹೃದಯದ ಎಂಆರ್‌ಐ: ಗ್ಯಾಡೊಲಿನಿಯಂ ಕೊಟ್ಟಾಗ ಸತ್ತ ಸ್ನಾಯು ಬೆಳ್ಳಗೆ ಹೊಳೆಯುತ್ತದೆ, ರಕ್ತ ಹರಿಯದ ಹೆಪ್ಪು ಕಪ್ಪಾಗಿಯೇ ಉಳಿಯುತ್ತದೆ. ಅದು ಎಲ್ಲರ ಕೈಗೆಟುಕುವುದಿಲ್ಲವಾದ್ದರಿಂದ, ತುದಿ ಸರಿಯಾಗಿ ಕುಗ್ಗದವರಿಗೆ ಬಿಡುಗಡೆಗೆ ಮುಂಚಿನ ಒಂದು ಎಕೋ ಸಾಲದು. ಕೆಲವು ದಿನ ಬಿಟ್ಟು ಇನ್ನೊಂದು ಬೇಕು. ಎದೆ ಹಗುರಾಯಿತೆಂದು ಬಸ್ ಚಾರ್ಜು, ಒಂದು ದಿನದ ಕೂಲಿ ನೆನೆದು ಬಿಟ್ಟುಬಿಡುವುದು ಇದನ್ನೇ.

ಹೆಪ್ಪು ಕಂಡರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. ಹಳೆಯದು ವಾರ್ಫರಿನ್, ಇತ್ತೀಚೆಗೆ ಅಪಿಕ್ಸಬಾನ್, ರಿವರಾಕ್ಸಬಾನ್ ಕೂಡ ಬಳಕೆಯಲ್ಲಿವೆ. ವಾರ್ಫರಿನ್ ನುಂಗುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಅದು 2ರಿಂದ 3ರ ನಡುವೆ ಇರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ಬಲ ತಗ್ಗಿಸುತ್ತದೆ. ಹಾಗೆಂದು ರೊಟ್ಟಿಯ ಜೊತೆಗಿನ ಪಲ್ಯ ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರಾಯಿತು. ಮೈಕೈ ನೋವಿಗೆಂದು ಅಂಗಡಿಯ ಗುಳಿಗೆ ನುಂಗುವುದು ಮಾತ್ರ ಅಪಾಯ. ಒಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮೂರು ತಿಂಗಳಿಗೆ ಮತ್ತೆ ಎಕೋ. ಹೆಪ್ಪು ಕರಗಿ ಹೃದಯದ ತುದಿ ಮತ್ತೆ ಕುಗ್ಗತೊಡಗಿದ್ದರೆ ವೈದ್ಯರು ಆ ಗುಳಿಗೆ ನಿಲ್ಲಿಸುತ್ತಾರೆ, ಇಲ್ಲವಾದರೆ ಮುಂದುವರಿಸುತ್ತಾರೆ.